ಹುಟ್ಟುಹಬ್ಬದ ಹುಲ್ಲಿನಲ್ಲಿ ಬಂದ ಉಣ್ಣಿ

ಜಿಂಕೆಗಳಿಗೆಂದು ನಾವು ಒಯ್ದಿದ್ದ ಹುಲ್ಲಿನ ಹೊರೆಯನ್ನು ಮೃಗಾಲಯದ ಪ್ರಾಣಿಪಾಲಕರು ಗೇಟಿನಲ್ಲೇ ಬಿಚ್ಚಿ, ಬಿಳಿ ಬಟ್ಟೆಯೊಂದರ ಮೇಲೆ ಕೊಡವಿದರು. ಸಾಸಿವೆ ಕಾಳಿನಂಥವು ನಾಲ್ಕೈದು ಉದುರಿ, ಕಾಲು ಚಾಚಿ ನಡೆಯತೊಡಗಿದವು. ಉಣ್ಣಿಗಳು!

ಅಂದು ನಮ್ಮ ಯಜಮಾನರ ಹುಟ್ಟುಹಬ್ಬ. ಮೂಕಪ್ರಾಣಿಗಳಿಗೆ ಮೇವು ದಾನ ಮಾಡುವ ಫೋಟೊ ಅವರ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಬೇಕಿತ್ತು. ಅದಕ್ಕಾಗಿ ಹರಿಹರದ ನಮ್ಮ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹೊರೆಯನ್ನೇ ಕಾರಿಗೆ ತುರುಕಿಕೊಂಡು ದಾವಣಗೆರೆಗೆ ಬಂದಿದ್ದರು. "ಉಣ್ಣಿ ಏನ್ ಹುಲೀನೇನಪ್ಪಾ? ದನ ಅಂದ್ಮೇಲೆ ಇದ್ದೇ ಇರ್ತಾವೆ" ಎಂದು ನಕ್ಕರು.

ಪಾಲಕರು ನಗಲಿಲ್ಲ. "ನಾ ಮೊದ್ಲಿದ್ದ ಝೂನಾಗ ಉಣ್ಣಿ ಜ್ವರ ಬಂದು ಗಬ್ಬದ ಜಿಂಕೆ ಸತ್ತೈತ್ರಿ ಸರ್. ಫೋಟೊ ಬೇಕಾದ್ರೆ ತಗೋರಿ, ಹುಲ್ಲು ಮಾತ್ರ ಬ್ಯಾಡ್ರಿ."

ಯಜಮಾನರು ಹೊರೆ ಹೊತ್ತು ನಿಂತು ಫೋಟೊ ತೆಗೆಸಿಕೊಂಡರು. ಮೆಚ್ಚುಗೆಗೆ ಬರವಿರಲಿಲ್ಲ.

ಮನೆಗೆ ಬಂದವಳೇ ನಮ್ಮ ಹಸುವಿನ ಕಿವಿ ಮಡಚಿ ನೋಡಿದೆ. ಒಳಗೆ ದ್ರಾಕ್ಷಿ ಗೊಂಚಲಿನಂತೆ ಉಣ್ಣಿ. ನಮ್ಮದೇ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಉಂಡು ಕೊಬ್ಬಿದ ಈ ಪ್ರಾಣಿಯನ್ನು ನೋಡಲು ನಾವು ಮೃಗಾಲಯದವರೆಗೆ ಹೋಗಬೇಕಾಯಿತು.