ರೋಸ್ವಿತಾಗೆ ಯಾರೂ ಅಭಿನಂದನೆ ಹೇಳಬಾರದು

ತಗಡಿನ ಬಕೆಟ್ಟಿನೊಳಗಿಂದ ಗುಂಯ್ ಎಂದು ಸದ್ದೆದ್ದಿತು. ಬೇರೆ ಹೊತ್ತಿನಲ್ಲಾದರೆ ದುಂಬಿಯೊಂದು ದಾರಿ ತಪ್ಪಿ ಒಳಗೆ ಬಿದ್ದಿದೆ ಎಂದುಕೊಂಡು ಯಾರೂ ತಲೆಯೆತ್ತುತ್ತಿರಲಿಲ್ಲ. ಆದರೆ ಅದು ಮಧ್ಯಾಹ್ನದ ಮೌನದ ಹೊತ್ತು. ಒಂದರಿಂದ ಮೂರರವರೆಗೆ ‘ಒಳ್ಳೆಯ ನಂಬಿಕೆ’ ತೋಟಗಾರರ ಸಂಘ ಸದಸ್ಯರಿಗೆ ಗೇಣಿಗೆ ಕೊಟ್ಟ ಯಾವ ತುಂಡು ತೋಟದಲ್ಲೂ ಕತ್ತರಿ ಆಡಬಾರದು, ಸುತ್ತಿಗೆ ಏಳಬಾರದು, ಹುಲ್ಲು ಕತ್ತರಿಸುವ ಯಂತ್ರ ಕೆಮ್ಮಬಾರದು. ನಿಯಮ ಮೀರಿದವರಿಗೆ ಅಧ್ಯಕ್ಷ ಜುಪ್ ಸೊಬಿಶ್‌ನ ಹುಬ್ಬುಗಳೇ ಶಿಕ್ಷೆ.

ಬಕೆಟ್ಟಿನಲ್ಲಿದ್ದದ್ದು ರೋಸ್ವಿತಾ ಪೀಪರಳ ಫೋನು. “ಕೈಯಲ್ಲಿದ್ರೆ ಅದನ್ನೇ ನೋಡ್ತಾ ಕೂತ್ಕೋತೀಯ” ಎಂದು ಗಂಡ ಏವಾಲ್ಡ್ ಬೆಳಿಗ್ಗೆಯೇ ಅದನ್ನು ಕಿತ್ತುಕೊಂಡು, ಗಂಟೆ ಅಡಗಿಸಿ, ಟೊಮೇಟೊ ಗಿಡದ ಪಕ್ಕದ ಬಕೆಟ್ಟಿಗೆ ಹಾಕಿದ್ದ. ಗಂಟೆಯಿಲ್ಲದ ಫೋನು ನಡುಗುತ್ತದೆ, ನಡುಗಿದರೆ ತಗಡು ಅದಕ್ಕಿಂತ ಜೋರಾಗಿ ಕೂಗುತ್ತದೆ ಎಂಬುದು, ಕಲ್ಲಿದ್ದಲ ಗಣಿಯ ಯಂತ್ರಗಳನ್ನು ರಿಪೇರಿ ಮಾಡಿಯೇ ತಲೆ ನರೆಸಿಕೊಂಡ ಆ ಮನುಷ್ಯನಿಗೆ ಹೊಳೆದಿರಲಿಲ್ಲ.

ಬೇಲಿಗಳಾಚೆ ಒರಗುಕುರ್ಚಿಗಳು ಕಿರುಗುಟ್ಟಿದವು. ಮುಖದ ಮೇಲೆ ಪತ್ರಿಕೆ ಹೊದ್ದು ನಿದ್ದೆಯ ನಟನೆ ಮಾಡುತ್ತಿದ್ದವರೆಲ್ಲ ಪತ್ರಿಕೆ ಸರಿಸಿದರು. ಇಡೀ ತೋಟಕ್ಕೆ ವಿಷಯ ಗೊತ್ತಿತ್ತು. ರಾಜ್ಯದ ಹೊಸ ಸರಕಾರದ ಮಂತ್ರಿಗಳು ಯಾರು ಯಾರೆಂದು ಇವತ್ತು ಸಂಜೆಯೊಳಗೆ ತೀರ್ಮಾನವಾಗಬೇಕು. ರಾಜಧಾನಿ ಡ್ಯೂಸೆಲ್ಡಾರ್ಫಿನಿಂದ ರೋಸ್ವಿತಾಗೆ ಫೋನು ಬಂದರೆ ಅವಳು ಮಂತ್ರಿ. ಬರದಿದ್ದರೆ ಆಲೂಗಡ್ಡೆ ಅಗೆಯುವುದು ಬಾಕಿಯಿತ್ತು.

ಗೊತ್ತಿದ್ದರೂ ಒಬ್ಬರೂ ಅದರ ಸುದ್ದಿ ಎತ್ತಿರಲಿಲ್ಲ. ಬೆಳಿಗ್ಗೆಯಿಂದ ಎಲ್ಲರೂ ಅವಳೊಡನೆ ಹವೆಯ ಬಗ್ಗೆ, ಬಸವನಹುಳುಗಳ ಬಗ್ಗೆ ಮಾತ್ರ ಮಾತಾಡಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಬೇರೆ ಕಡೆಯ ಜನ ನಗುತ್ತಾರೆ. ಇಲ್ಲಿ ನಗುವುದಿಲ್ಲ, ನಡುಗುತ್ತಾರೆ. ಹುಟ್ಟುಹಬ್ಬದ ಹಿಂದಿನ ಸಂಜೆ ಬಾಯಿ ತಪ್ಪಿ ಶುಭಾಶಯ ಹೇಳಿದವನನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವ ಜನ ಇವರು. ಮುಂಚೆ ಹೇಳಿದ ಅಭಿನಂದನೆ ಬರಬೇಕಾದ ಭಾಗ್ಯವನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತದೆ.

ರೋಸ್ವಿತಾ ಮಣ್ಣಿನ ಕೈಯಲ್ಲೇ ಬಕೆಟ್ಟಿಗೆ ಹಾರಿದಳು. ಐವತ್ತೆಂಟರ ಮಂಡಿಗಳು ಲಟಕ್ ಎಂದವು.

“ಹಲೋ, ಪೀಪರ್!”

ಊರಿನ ಪತ್ರಿಕೆಯ ಹೊಸ ವರದಿಗಾರ. ಎಲ್ಲಿಂದಲೋ ಬಂದವನು, ಚುರುಕು ಬಾಯಿ. “ಮೇಡಂ, ನಿಮಗೆ ಹೃತ್ಪೂರ್ವಕ ಅಭಿನಂ...”

ಕೆಂಡ ಮುಟ್ಟಿದವಳಂತೆ ಅವಳು ಕರೆ ಕತ್ತರಿಸಿ ಫೋನನ್ನು ಬಕೆಟ್ಟಿಗೇ ಎಸೆದಳು. ಆದರೆ ಧ್ವನಿ ಬೇಲಿ ದಾಟಿ ಹೋಗಿತ್ತು.

“ಹೇಳ್ಬಿಟ್ನಾ?” ಬಲಗಡೆಯ ಬೇಲಿಯ ಮೇಲೆ ಜುಪ್‌ನ ಬೋಳುತಲೆ ಎದ್ದಿತು. ಈ ಸಂಘಕ್ಕೆ ಮಾತ್ರವಲ್ಲ, ಸೋಷಿಯಲ್ ಡೆಮಾಕ್ರಟರ ಪಕ್ಷದ ಸ್ಥಳೀಯ ಘಟಕಕ್ಕೂ ಜುಪ್ ಅಧ್ಯಕ್ಷ. ಎಪ್ಪತ್ತು ದಾಟಿದರೂ ಎರಡು ಕುರ್ಚಿಯನ್ನೂ ಬಿಟ್ಟಿರಲಿಲ್ಲ. ಕೇಳಿದವರೂ ಯಾರೂ ಇರಲಿಲ್ಲ ಅನ್ನಿ.

“ಅರ್ಧ ಹೇಳ್ದ” ಎಂದಳು ರೋಸ್ವಿತಾ.

“ಅರ್ಧ ಅಂದ್ರೆ ಎಷ್ಟು? ‘ಅಭಿ’ ಅಂದ್ನಾ, ‘ನಂ’ವರೆಗೂ ಬಂದ್ನಾ?”

“ಅದನ್ನೇನು ತಕ್ಕಡೀಲಿ ತೂಗ್ತೀಯಾ?” ಎಂದ ಏವಾಲ್ಡ್.

ಎಡಗಡೆಯ ತೋಟದ ನೆರ್ಮಿನ್ ದ್ರಾಕ್ಷಿ ಚಪ್ಪರದ ಕೆಳಗಿಂದ ಬಂದಳು. ಅವಳ ಅಪ್ಪ ತುರ್ಕಿಯಿಂದ ಗಣಿ ಕೆಲಸಕ್ಕೆ ಬಂದವನು. ಅವಳು ಹುಟ್ಟಿದ್ದು ಇದೇ ಊರಿನಲ್ಲಿ. ರೋಸ್ವಿತಾಳನ್ನು ಕರೆಯುವುದು ಮಾತ್ರ ತಾಯ್ನುಡಿಯಲ್ಲಿ, ಅಕ್ಕಾ ಎಂದು. “ಅಕ್ಕಾ, ಅರ್ಧ ಮಾತಿಗೆ ಅರ್ಧ ದೋಷ. ನಮ್ಮಮ್ಮ ಆಗಿದ್ರೆ ಒಂದು ನೀಲಿ ದೃಷ್ಟಿಮಣಿ ಪಿನ್ನು ಹಾಕಿ ಮುಗಿಸ್ತಿದ್ಲು. ತರ್ಲಾ?”

“ತಾ ತಾ” ಎಂದ ಜುಪ್, ಅವಸರದಿಂದ. “ಪಕ್ಷದಲ್ಲಿ ನಾವು ಇದನ್ನೆಲ್ಲ ನಂಬಲ್ಲ. ಆದ್ರೂ ತಾ.”

ಜುಪ್‌ನ ಗಾಬರಿಗೆ ಕಾರಣವಿತ್ತು. ಅದನ್ನು ಹೇಳಬೇಕಾದರೆ ರೋಸ್ವಿತಾ ರಾಜಕೀಯಕ್ಕೆ ಬಂದ ಬಗೆಯನ್ನೇ ಹೇಳಬೇಕು.

ಅದು ಶುರುವಾದದ್ದು ಒಂದು ಕಕ್ಕಸಿನಿಂದ. ಆಗ ಅವಳು ನಗರ ಸಾರಿಗೆಯ ಉದ್ದ ಬಸ್ಸಿನ ಡ್ರೈವರು. ಗಣಿಯ ಕಡೆಯ ಕೊನೆಯ ನಿಲ್ದಾಣದಲ್ಲಿ ಗಂಡಸರಿಗೆ ಪೊದೆಯಿತ್ತು, ಹೆಂಗಸರಿಗೆ ದೇವರಿದ್ದ. ಹೆಂಗಸರು ಬೆಳಗಿನ ಪಾಳಿಯಲ್ಲಿ ಕಾಫಿ ಕುಡಿಯುವುದನ್ನೇ ಬಿಟ್ಟಿದ್ದರು. ರೋಸ್ವಿತಾ ಒಂದು ದಿನ ಬಸ್ಸನ್ನು ಪ್ರಯಾಣಿಕರ ಸಮೇತ ಹೋಟೆಲೊಂದರ ಮುಂದೆ ನಿಲ್ಲಿಸಿ, “ಎರಡು ನಿಮಿಷ, ಕ್ಷಮಿಸಿ, ನಾನೂ ಮನುಷ್ಯಳೇ” ಎಂದು ಇಳಿದು ಹೋದಳು. ಹಿಂದಿರುಗಿದಾಗ ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ಡಿಪೋದವರು ನೋಟಿಸು ಕೊಟ್ಟರು.

ನೋಟಿಸು ಹಿಡಿದುಕೊಂಡು ಅವಳು ಹೋದದ್ದು ಜುಪ್ ನಡೆಸುತ್ತಿದ್ದ ಪಕ್ಷದ ಸಭೆಗೆ, ಬಿಯರಂಗಡಿಯ ಹಿಂದಿನ ಕೋಣೆಗೆ. ಎದ್ದು ನಿಂತು, ಇಂಥ ಪಕ್ಷ ಇದ್ದರೆಷ್ಟು ಬಿಟ್ಟರೆಷ್ಟು ಎಂದು ಎಲ್ಲರನ್ನೂ ಬೈದಳು. ಅಲ್ಲಿನ ರೂಢಿ ಅವಳಿಗೆ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಬಾಯಿ ಬಿಟ್ಟವರ ಕೊರಳಿಗೇ ಕೆಲಸ ಬೀಳುತ್ತದೆ. “ಸಂಗಾತಿ ಪೀಪರ್ ಚೆನ್ನಾಗಿ ಹೇಳಿದ್ಲು. ಕಾರ್ಯದರ್ಶಿ ಜಾಗ ಖಾಲಿ ಇದೆ. ಕೈ ಎತ್ತಿ” ಎಂದ ಜುಪ್. ಅವಳು ಪಕ್ಷದ ಸದಸ್ಯಳೇ ಅಲ್ಲ ಎಂಬುದು ಕೈಗಳೆಲ್ಲ ಮೇಲೆದ್ದ ಮೇಲೆ ತಿಳಿಯಿತು. ಅದೇ ಮೇಜಿನ ಮೇಲೆ ಸದಸ್ಯಳನ್ನಾಗಿ ಮಾಡಿಕೊಂಡರು.

ಕಕ್ಕಸು ಆಯಿತು. ಅದನ್ನು ಮೇಯರು ರಿಬ್ಬನ್ ಕತ್ತರಿಸಿ ಉದ್ಘಾಟಿಸಿದರು. ಮೊದಲು ಒಳಗೆ ಹೋದವಳು ರೋಸ್ವಿತಾ. ಆಮೇಲೆ ಕಾರ್ಮಿಕರ ಸಮಿತಿ, ಆಮೇಲೆ ನಗರಸಭೆ. ಪ್ರತಿ ಸಲವೂ ಅವಳು ಯಾವುದೋ ಒಂದಕ್ಕೆ ಸಿಟ್ಟಾಗಿ ಬಾಯಿ ಬಿಡುವಳು, ಪ್ರತಿ ಸಲವೂ ಯಾರೋ ಕೈ ಎತ್ತಿಸುವರು. ಸಿಟ್ಟು ಕಡಿಮೆಯಿದ್ದಿದ್ದರೆ ಇವತ್ತಿಗೂ ಬಸ್ಸಿನಲ್ಲೇ ಇರುತ್ತಿದ್ದೆ ಎಂದು ಅವಳೇ ಹೇಳುತ್ತಿದ್ದಳು.

ಮೇಯರ್ ಚುನಾವಣೆಗೆ ನಿಂತಾಗ ಗೆಲುವು ಅಂಗೈಯಲ್ಲಿತ್ತು. ಮತ ಎಣಿಕೆ ಮುಗಿಯುವ ಮುಂಚೆ, ಸಂತೋಷ ತಡೆಯಲಾರದೆ, ಜುಪ್ ಬೇಕರಿಯಿಂದ ಒಂದು ಭಾರೀ ಕೇಕು ತರಿಸಿಬಿಟ್ಟ. ಅದರ ಮೇಲೆ ಕೆಂಪು ಸಕ್ಕರೆಯಲ್ಲಿ ‘ನಮ್ಮ ಮೇಯರಿಗೆ ಅಭಿನಂದನೆ’. ಸೋಲಿನ ಅಂತರ ಆ ಕೇಕಿನ ತುಂಡುಗಳಷ್ಟೂ ಇರಲಿಲ್ಲ. ಆದರೆ ಕೇಕು ಕೇಕೇ. ಅಕ್ಷರಗಳನ್ನು ಚಾಕುವಿನಿಂದ ಕೆರೆದು, ಎಲ್ಲರೂ ತಲೆ ತಗ್ಗಿಸಿಕೊಂಡು ತಿಂದರು. ರೋಸ್ವಿತಾ ಮಾತ್ರ ಎರಡು ತುಂಡು ತಿಂದು, “ರುಚಿಯಾಗಿದೆ ಜುಪ್, ಮುಂದಿನ ಸಲ ಎಣಿಕೆ ಆದ್ಮೇಲೆ ತಾ” ಎಂದಳು. ಬೈದಿದ್ದರೆ ಜುಪ್ ಮರೆಯುತ್ತಿದ್ದನೇನೋ. ಬೈಯದ್ದರಿಂದ ಇಂದಿಗೂ ಮರೆತಿರಲಿಲ್ಲ.

ಮುಂದೆ ಅವಳು ರಾಜ್ಯದ ಶಾಸನಸಭೆಗೆ ಗೆದ್ದಳು. ಫಲಿತಾಂಶ ಮೂರು ಸಲ ಖಚಿತವಾಗುವ ತನಕ ಘಟಕದವರು ತುಟಿ ಹೊಲಿದುಕೊಂಡಿದ್ದರು. ಈಗ ಪಕ್ಷ ಹಸಿರು ಪಕ್ಷದೊಡನೆ ಸೇರಿ ಸರಕಾರ ರಚಿಸುತ್ತಿತ್ತು. ಪಟ್ಟಿಯಲ್ಲಿ ಹೆಂಗಸರು ಬೇಕಿತ್ತು, ಗಣಿನಾಡಿನವರು ಬೇಕಿತ್ತು, ಕೈಯಲ್ಲಿ ದುಡಿದವರು ಬೇಕಿತ್ತು. ಮೂರು ಲೆಕ್ಕವೂ ಒಬ್ಬ ರೋಸ್ವಿತಾಳಲ್ಲಿ ತೀರುತ್ತಿತ್ತು. ಅವಳ ಆಸೆ ಸಾರಿಗೆ ಖಾತೆ. ಇಡೀ ರಾಜ್ಯದ ಒಂದೊಂದು ಕೊನೆಯ ನಿಲ್ದಾಣವೂ ಅವಳ ಕಣ್ಣ ಮುಂದಿತ್ತು.

ನೆರ್ಮಿನ್ ತಂದ ನೀಲಿ ಮಣಿಯನ್ನು ಅವಳ ಅಂಗಿಗೆ ಚುಚ್ಚುತ್ತಿರುವಾಗ ಬಕೆಟ್ಟು ಮತ್ತೆ ಗುಂಯ್ಗುಟ್ಟಿತು.

ಈ ಸಲ ಫೋಲ್ಕರ್. ಮುಖ್ಯಮಂತ್ರಿಯಾಗಲಿರುವವನು. ರೋಸ್ವಿತಾ ಫೋನನ್ನು ಕಿವಿಗೊತ್ತಿ, ಬೀನ್ಸ್ ಬಳ್ಳಿಯ ಕಡೆ ತಿರುಗಿ ನಿಂತಳು. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನನ್ನು ಓದಲು ಮೂರು ಜೊತೆ ಕಣ್ಣುಗಳು ಸಾಲದಾದವು.

“ಸಾರಿಗೆ ಹಸಿರು ಪಕ್ಷದವರಿಗೆ ಹೋಯ್ತು, ರೋಸ್ವಿತಾ. ಅವರು ಬಿಡ್ಲಿಲ್ಲ” ಎಂದ ಫೋಲ್ಕರ್. “ನಿನಗೆ ವಸತಿ ಇಟ್ಟಿದೀನಿ. ಮನೆ ಕಟ್ಸೋ ಖಾತೆ. ಅದಕ್ಕಿಂತ ಕಷ್ಟದ್ದು ಇಲ್ಲ, ನಿನಗಿಂತ ಗಟ್ಟಿಯವಳೂ ಇಲ್ಲ. ಮೂರು ಗಂಟೆಯೊಳಗೆ ಹೂಂ ಅಥವಾ ಊಹೂಂ ಅನ್ನು. ಪಟ್ಟಿ ಕಾಯ್ತಿದೆ.”

ಅವಳು ಈ ಕಡೆ ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ, ಅಳುವೂ ಇರಲಿಲ್ಲ.

“ವಸತಿ” ಎಂದಳು.

ಮೂವರಿಗೂ ಒಂದೇ ವಿಷಯ ಹೊಳೆಯಿತು. ರೈಲುಹಳಿಯ ಪಕ್ಕದ ಈ ತೋಟಗಳ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಬೇಕೆಂದು ನಗರಸಭೆಯ ಯೋಜನೆಯೊಂದಿತ್ತು. ಅದರ ಕಡತ ವಸತಿ ಮಂತ್ರಿಯ ಮೇಜಿಗೆ ಹೋಗಿ ಕೂತಿತ್ತು.

ಜುಪ್‌ನ ಮುಖ ಅರಳಿತು. “ಹುಡುಗೀ! ಇನ್ನೇನು ಬೇಕು? ನಮ್ಮ ಬೇಲಿ ಕಾಯೋಕೆ ನಮ್ಮೋಳೇ ಮಂತ್ರಿ! ನಾನು ಆ ಮಾತು ಹೇಳಲ್ಲ, ಬಾಯೇ ಬಿಡಲ್ಲ, ಆದ್ರೆ ಒಳಗೊಳಗೇ...”

“ಒಳಗೊಳಗೂ ಬೇಡ” ಎಂದಳು ನೆರ್ಮಿನ್.

“ಜುಪ್, ಇಲ್ಲಿ ನನಗೆ ತೋಟ ಇದೆ. ತೋಟ ಇರೋವರೆಗೆ ಆ ಕಡತ ನಾನು ಮುಟ್ಟೋ ಹಾಗಿಲ್ಲ. ಸ್ವಂತ ಹಿತ ಅಂತಾರೆ.”

“ಮುಟ್ಬೇಡ! ಯಾರು ಮುಟ್ಟು ಅಂದ್ರು?” ಜುಪ್ ಬೇಲಿಯ ಮೇಲೆ ಅರ್ಧ ಬಾಗಿದ. “ಮಂತ್ರಿ ಮುಟ್ಟದ ಕಡತ ಹೇಗೆ ಮಲಗುತ್ತೆ ಗೊತ್ತಾ? ಕರಡಿ ಚಳಿಗಾಲದಲ್ಲಿ ಮಲಗಿದ ಹಾಗೆ. ನೀನು ಇಲ್ಲಿ ಮೂಲಂಗಿ ಬೆಳ್ಕೊಂಡಿರು, ಅದು ಅಲ್ಲಿ ಮಲಗಿರಲಿ. ಯಾರಿಗೂ ನಷ್ಟ ಇಲ್ಲ.”

ರೋಸ್ವಿತಾ ತನ್ನ ಒರಗುಕುರ್ಚಿಯ ಕಡೆ ನೋಡಿದಳು. ಎಷ್ಟು ಸುಲಭವಾಗಿತ್ತು! ಸುಳ್ಳು ಹೇಳಬೇಕಾಗಿಲ್ಲ, ಸಹಿ ಹಾಕಬೇಕಾಗಿಲ್ಲ. ಸುಮ್ಮನೆ ಈ ಒರಗುಕುರ್ಚಿಯನ್ನು ಇಟ್ಟುಕೊಂಡರಾಯಿತು. ಏವಾಲ್ಡ್ ತನ್ನ ಕೈಯಾರೆ ಕಟ್ಟಿದ ಮರದ ಗುಡಿಸಲು, ಅದರ ಹಸಿರು ಬಾಗಿಲು, ಬಾಗಿಲ ಮುಂದಿನ ಕರಂಟ್ ಹಣ್ಣಿನ ಪೊದೆ. ಹಣ್ಣುಗಳು ಈಗಷ್ಟೇ ಕೆಂಪಾಗತೊಡಗಿದ್ದವು.

“ನಷ್ಟ ಇಲ್ವಾ?” ಎಂದಳು ನೆರ್ಮಿನ್. ದನಿ ಏರಿರಲಿಲ್ಲ. “ನನ್ನ ಮಗಳ ಮನೆ ಗೋಡೆಗೆ ಬೂಷ್ಟು ಹಿಡಿದಿದೆ, ಜುಪ್. ಮಗು ರಾತ್ರಿಯೆಲ್ಲ ಕೆಮ್ಮುತ್ತೆ. ಎರಡು ವರ್ಷದಿಂದ ಮನೆ ಹುಡುಕ್ತಿದಾಳೆ. ಮೊನ್ನೆ ಒಂದು ಖಾಲಿ ಮನೆ ನೋಡೋಕೆ ಹೋದ್ರೆ, ಮೆಟ್ಟಿಲ ಮೇಲಿಂದ ಬೀದಿವರೆಗೆ ಜನ ಸಾಲು ನಿಂತಿದ್ರು. ಸಂಬಳದ ಚೀಟಿ ಹಿಡ್ಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು.”

“ಹಾಗಾದ್ರೆ ನಿನ್ನ ದ್ರಾಕ್ಷಿ ಬಳ್ಳಿ ಕಡಿಸ್ತೀಯಾ ನೀನು?”

“ಕಡಿದ್ರೆ ಅಳ್ತೀನಿ. ನಿನ್ನ ಹೆಗಲ ಮೇಲೇ ತಲೆ ಇಟ್ಟು ಅಳ್ತೀನಿ, ಅಂಗಿ ಒದ್ದೆ ಆಗುತ್ತೆ, ತಯಾರಾಗಿರು. ಆದ್ರೆ ಕಡತ ಮಲಗಿರಲಿ ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ.”

ರೈಲೊಂದು ಹೋಯಿತು, ಅದಕ್ಕೆ ಮೌನದ ನಿಯಮ ಅನ್ವಯಿಸುತ್ತಿರಲಿಲ್ಲ.

ರೋಸ್ವಿತಾ ಗಂಡನನ್ನು ನೋಡಿದಳು. ಏವಾಲ್ಡ್ ಟೊಮೇಟೊ ಗಿಡದ ಕಂಕುಳ ಚಿಗುರನ್ನು ಚಿವುಟುತ್ತ ನಿಂತಿದ್ದ. ಗಿಡಕ್ಕೇ ಹೇಳುವಂತೆ ಹೇಳಿದ, “ಟೊಮೇಟೊ ಕುಂಡದಲ್ಲೂ ಬೆಳೆಯುತ್ತೆ, ರೋಸೀ.”

“ಗುಡಿಸಲು?”

“ಗುಡಿಸಲು ಬೆಳೆಯಲ್ಲ. ಅದಕ್ಕೇನ್ಮಾಡೋದು.” ಅವನು ಚಿಗುರನ್ನು ಜೇಬಿಗೆ ಹಾಕಿಕೊಂಡ. ಯಾಕೆಂದು ಅವನಿಗೂ ತಿಳಿಯಲಿಲ್ಲ.

ಅವಳು ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಅಂಗಿಯ ಮೇಲೆ ಐದು ಬೆರಳಿನ ಮಣ್ಣು ಮೂಡಿತು. ಆಮೇಲೆ ಬೇಲಿಯ ಕಡೆ ತಿರುಗಿದಳು.

“ಜುಪ್ ಸೊಬಿಶ್, ಸಂಘದ ಅಧ್ಯಕ್ಷನೇ, ಕೇಳಿಸ್ಕೋ. ನನ್ನ ತೋಟ ಬಿಟ್ಟುಕೊಡ್ತಿದೀನಿ. ಇವತ್ತಿನಿಂದ.”

ಜುಪ್‌ನ ಹುಬ್ಬುಗಳು ಬೋಳುತಲೆಯ ಅರ್ಧಕ್ಕೆ ಏರಿದವು. “ಇವತ್ತಿನಿಂದ ಆಗಲ್ಲ! ನಿಯಮ ಇದೆ. ನವೆಂಬರಿನಲ್ಲಿ ಬಿಡಬೇಕು ಅಂದ್ರೆ ಆಗಸ್ಟಿನೊಳಗೆ ಲಿಖಿತದಲ್ಲಿ ಕೊಡಬೇಕು. ಆಮೇಲೆ ಸಮಿತಿ ಬಂದು ಗಿಡಗಳಿಗೆ ಬೆಲೆ ಕಟ್ಟಬೇಕು.”

“ಹಾಗಾದ್ರೆ ಇವತ್ತೇ ಬರೆದುಕೊಡ್ತೀನಿ. ನವೆಂಬರ್ ತನಕ ಕಡತ ಮುಟ್ಟಲ್ಲ. ಡಿಸೆಂಬರಲ್ಲಿ ಮುಟ್ತೀನಿ.”

“ಮುಟ್ಟಿ?”

“ಓದ್ತೀನಿ. ಇಲ್ಲಿಗೆ ಬಂದು ನಿನ್ನ ಜೊತೆ, ನೆರ್ಮಿನ್ ಮಗಳ ಜೊತೆ ಕೂತು ಮಾತಾಡ್ತೀನಿ. ಮಾತಾಡಿ ಏನ್ಮಾಡ್ತೀನಿ ಅಂತ ನನಗೇ ಗೊತ್ತಿಲ್ಲ. ನಿನ್ನ ಬೇಲಿ ಉಳೀಬಹುದು, ಹೋಗ್ಬಹುದು. ಆದ್ರೆ ಮಲಗಿರೋಕೆ ಬಿಡಲ್ಲ.”

“ಇದಕ್ಕೇನಾ ನಿನ್ನನ್ನ ಕಾರ್ಯದರ್ಶಿ ಮಾಡಿದ್ದು!” ಜುಪ್ ಕೂಗಿದ. ದೂರದ ಬೇಲಿಯೊಂದರಿಂದ “ಮೌನದ ಹೊತ್ತು, ಜುಪ್!” ಎಂದು ಯಾರೋ ಗದರಿದರು. ಅಧ್ಯಕ್ಷನಾದ ಮೇಲೆ ಅವನು ಆ ಮಾತು ಕೇಳಿದ್ದು ಅದೇ ಮೊದಲು. ಕಿವಿಯವರೆಗೆ ಕೆಂಪಾಗಿ, ಪಿಸುಗುಟ್ಟಿ ಜಗಳ ಮುಂದುವರಿಸಿದ. “ಈ ಜಾಗ ಅಗೆದೋರು ಗಣಿಯವರು ಕಣೇ. ಪಾಳಿ ಮುಗಿಸಿ ಬಂದು, ಕಪ್ಪು ಮುಖದಲ್ಲೇ...”

“ಗೊತ್ತು, ಜುಪ್.”

“ಗೊತ್ತಿದ್ದೂನಾ?”

“ಗೊತ್ತಿರೋದ್ರಿಂದ್ಲೇ ಬೇರೆಯವರ ಕೈಗೆ ಬಿಡಲ್ಲ ಅಂತಿರೋದು.”

ಅವಳು ಬಕೆಟ್ಟಿನ ನೀರಿಲ್ಲದ ತಳದಲ್ಲಿ ಕೈ ಒರೆಸಿದಂತೆ ಮಾಡಿ, ಕೊನೆಗೆ ಲಂಗಕ್ಕೇ ಒರೆಸಿಕೊಂಡು, ಫೋಲ್ಕರನ ನಂಬರು ಒತ್ತಿದಳು.

“ನಿಲ್ಲು, ನಿಲ್ಲು” ಎಂದ ಜುಪ್. “ಹೂಂ ಅನ್ನೋ ಮುಂಚೆ ಒಂದು ಮಾತು. ಅರ್ಧ ಜಾಗ ಉಳಿಸೋ ಹಾಗೆ ನಕ್ಷೆ ಹಾಕಬಹುದು. ಹಳಿ ಕಡೆ ಮನೆ, ಹಳ್ಳದ ಕಡೆ ತೋಟ. ನನ್ನ ತಲೇಲಿದೆ. ಇಲ್ನೋಡು, ಇದು ಹಳಿ ಅಂತ ತಿಳ್ಕೋ...” ಅವನು ಬೇಲಿಯ ಮೇಲೆ ಎರಡು ಬೀನ್ಸ್ ಕಾಯಿಗಳನ್ನು ಅಡ್ಡಡ್ಡ ಇಟ್ಟು, ಮೂರನೆಯದಕ್ಕೆ ತಡಕಾಡಿದ.

ಆ ತುದಿಯಲ್ಲಿ ಫೋಲ್ಕರ್ ಫೋನು ಎತ್ತಿದ್ದ. ರೋಸ್ವಿತಾ ತೋಟದ ಗೇಟನ್ನು ಮೊಣಕೈಯಿಂದ ತಳ್ಳಿ ದಾರಿಗಿಳಿದಳು.

“ಫೋಲ್ಕರ್, ನಾನು, ರೋಸ್ವಿತಾ. ಹೂಂ. ಆದ್ರೆ ಮೊದಲು ಒಂದು ವಿಷಯ ಕೇಳಿಸ್ಕೋ...”

“ಏಯ್ ಹುಡುಗೀ, ಇದು ಹಳ್ಳ, ಇದು ಹಳಿ, ಇಲ್ಲಿ ನೆರ್ಮಿನ್ ದ್ರಾಕ್ಷಿ” ಎನ್ನುತ್ತ ಜುಪ್ ತಲೆಯೆತ್ತಿದಾಗ, ಅವಳು ಮಣ್ಣಿನ ಚಪ್ಪಲಿಯಲ್ಲೇ ಬೇಲಿಗಳ ನಡುವಿನ ಓಣಿಯ ಕೊನೆ ಮುಟ್ಟಿದ್ದಳು. ಒಂದು ಕೈ ಗಾಳಿಯಲ್ಲಿ ಏನನ್ನೋ ವಿವರಿಸುತ್ತಿತ್ತು. ತಿರುವಿನಲ್ಲಿ ಮೊದಲು ಅವಳು ಮರೆಯಾದಳು, ಆಮೇಲೆ ಆ ಕೈ.