ಮಢ್‌ನಲ್ಲಿ ಹಲ್ವಾ ತಿಂದ ಅಜ್ಜ

ವರ್ಸೋವಾದ ದಕ್ಕೆಯಿಂದ ದೋಣಿಯಲ್ಲಿ ಐದು ನಿಮಿಷ ದಾಟಿದರೆ ಮಢ್. ಅಲ್ಲಿನ ಮೀನುಗಾರರ ಕೇರಿಯ ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿ ಸೇರಿದೆ. ಮುಂಬೈಯಲ್ಲಿ ಮೀನುಗಾರರಿಗೆ ಕೋಳಿಗಳು ಎನ್ನುತ್ತಾರೆ. 'ಕೋಳಿವಾಡದಾಗ ಕೆಲಸ ಸಿಕ್ಕೇತಿ' ಎಂದು ಬೆಳಗಾವಿಗೆ ಫೋನ್ ಮಾಡಿದಾಗ ಅವ್ವ, 'ಕೋಳಿಗೆ ಸೂಜಿ ಚುಚ್ಚಾಕ ಇಷ್ಟ ಓದಬೇಕಿತ್ತೇನವಾ?' ಎಂದಿದ್ದಳು. ನಾನು ಎಲ್ಲ ತಿಳಿದವಳಂತೆ ನಕ್ಕಿದ್ದೆ.

ಡಾಕ್ಟರು ವಿಲೆ ಪಾರ್ಲೆಯವರು. ಮೂಲ ವಿಜಯಪುರವಾದ್ದರಿಂದ ತಡವರಿಸುತ್ತ ಕನ್ನಡ ಆಡುತ್ತಿದ್ದರು. 'ಸಿಸ್ಟರ್, ಇಲ್ಲಿ ಮಂದಿ ಮಾತು ಅಲಗ್ ಇರ್ತದ. ಜರಾ ಧ್ಯಾನ ಕೊಡ್ರಿ' ಎಂದರು. ಬೆಳಗಾವಿಯವಳಿಗೆ ಮರಾಠಿ ಪಾಠವೇ ಎಂದು ಒಳಗೇ ಮುಖ ಸಿಂಡರಿಸಿದೆ. ಹುಟ್ಟಾ ಸಸ್ಯಾಹಾರಿಯಾದ ನನಗೆ ಮೀನಿಗೆ ಮೀನು ಎಂಬ ಒಂದೇ ಹೆಸರು ಗೊತ್ತಿತ್ತು.

ಎರಡನೇ ವಾರ ಒಬ್ಬ ಅಜ್ಜ ಮೈಯೆಲ್ಲ ದದ್ದು ಎಬ್ಬಿಸಿಕೊಂಡು ಬಂದ. ಜೊತೆಗೆ ಹೆಂಡತಿ. ನಿನ್ನೆ ಏನು ತಿಂದರು ಎಂದು ಮರಾಠಿಯಲ್ಲಿ ಕೇಳಿದೆ.

'ಹಲ್ವಾ,' ಎಂದಳು ಆಕೆ. 'ಎರಡು ದೊಡ್ಡ ತುಂಡು. ಕರಿದದ್ದು.'

ಈ ವಯಸ್ಸಿನಲ್ಲಿ ಹಲ್ವಾ, ಅದನ್ನೂ ಕರಿದು! 'ತುಪ್ಪ ಎಷ್ಟು ಹಾಕಿದ್ದಿರಿ?'

'ತುಪ್ಪ ಯಾಕೆ? ಹುಳಿ, ಖಾರಪುಡಿ, ಬೆಳ್ಳುಳ್ಳಿ.'

ಬೇರೆ ಯಾರಿಗಾದರೂ ಇಷ್ಟರಲ್ಲಿ ಬುದ್ಧಿ ಬರುತ್ತಿತ್ತು. ನಾನು ಮಾತ್ರ ಈ ಜನ ಸಿಹಿಗೂ ಬೆಳ್ಳುಳ್ಳಿ ಹಾಕುತ್ತಾರೆ ಎಂದು ತೀರ್ಮಾನಿಸಿ, ಸಕ್ಕರೆ ಕಾಯಿಲೆಯ ಮೇಲೆ ಹತ್ತು ನಿಮಿಷ ಭಾಷಣ ಬಿಗಿದೆ. ಬೆರಳು ಚುಚ್ಚಿ ರಕ್ತ ತೆಗೆದೆ. ಕೇಸ್ ಪೇಪರಿನಲ್ಲಿ 'ಸಿಹಿತಿಂಡಿ ಅತಿಯಾಗಿದೆ' ಎಂದು ಬರೆದೆ. ಅಜ್ಜ ತೋಳು ಕೆರೆದುಕೊಳ್ಳುತ್ತ, ಪಾಪ, ಎಲ್ಲಕ್ಕೂ ತಲೆಯಾಡಿಸಿದ.

ಡಾಕ್ಟರು ಪೇಪರ್ ಓದಿ ಕನ್ನಡಕ ತೆಗೆದರು. 'ಸಿಸ್ಟರ್, ಹಲ್ವಾ ಅಂದ್ರ ಮೀನ್ರಿ. ಕಪ್ಪು ಪಾಪ್ಲೆಟ್.'

ವಿಷಯ ತಿಳಿದ ಹೆಂಡತಿ ನಕ್ಕೂ ನಕ್ಕೂ ಬೆಂಚಿನ ಮೇಲೆ ಕುಸಿದಳು. ಒಂದು ಇಂಜೆಕ್ಷನ್ನಿಗೆ ಅಜ್ಜನ ತುರಿಕೆ ಇಳಿಯಿತು. ನನ್ನ ಮುಖದ ಕೆಂಪು ಇಳಿಯಲಿಲ್ಲ.

ಮರುದಿನ ಮಧ್ಯಾಹ್ನ ಅವರ ಮನೆ ಹುಡುಕಿಕೊಂಡು ಹೋಗಿ, 'ಮಾವಶಿ, ತಪ್ಪಾಯಿತು. ನನಗೆ ಹೆಸರು ಕಲಿಸಿ' ಎಂದೆ. ಆಕೆ ಬೊಂಬಿಲ್ ಮೀನು ಒಣಹಾಕಿದ ಬಿದಿರಿನ ಚೌಕಟ್ಟಿನ ಕೆಳಗೆ ನನ್ನನ್ನು ಕೂರಿಸಿ, ಬುಟ್ಟಿಯಿಂದ ಒಂದೊಂದೇ ಎತ್ತಿದಳು. ಬಂಗಾರದ ಬಣ್ಣದ ಪುಟ್ಟ ಮೀನು ಮಾಂದೇಲಿ. ಉಗುರಿನಷ್ಟಿದ್ದ ಸಿಗಡಿ ಜವಳಾ. ನಾನು ದುಪಟ್ಟಾದಿಂದ ಮೂಗು ಮುಚ್ಚಿಕೊಂಡೇ ಆ ಹೆಸರುಗಳನ್ನು ತಿರುಗಿ ಹೇಳುತ್ತಿದ್ದೆ.

'ಮೊದಲು ಮೂಗು ಬಿಡು. ನೆಗಡಿಯಾದವರ ಹಾಗೆ ಹೇಳ್ತೀಯಲ್ಲ!'

ಬಿಟ್ಟೆ. ವಾಸನೆ ನೇರ ತಲೆಗೆ ಹೊಡೆಯಿತು. ಅಷ್ಟರಲ್ಲಿ ಆಕೆ ಚಿಂಬೋರಿ ಎಂದು ಜೀವಂತ ಏಡಿಯನ್ನೇ ಮುಂದೆ ಹಿಡಿದಳು. ನಾನು ಕಿರುಚಿ ಎದ್ದ ರಭಸಕ್ಕೆ ಅರ್ಧ ಬೊಂಬಿಲ್ ನನ್ನ ತಲೆಯ ಮೇಲೇ ಉದುರಿದವು. ಆ ಸಂಜೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಾನಿಳಿಯುವ ದಹಿಸರ್ ತನಕ ನನ್ನ ಪಕ್ಕ ಯಾರೂ ಕೂರಲಿಲ್ಲ.

ಈಗ ಬಾಂದ್ರಾ ಬಜಾರಿಗೆ ಹೋದರೆ ಗೆಳತಿಯರು ತಾಜಾ ಮೀನು ಆರಿಸಲು ನನ್ನನ್ನೇ ಮುಂದೆ ತಳ್ಳುತ್ತಾರೆ. ಕಿವಿರು ಎತ್ತಿ ಕೆಂಪು ನೋಡಿ ಗಂಭೀರವಾಗಿ ತೀರ್ಪು ಕೊಡುತ್ತೇನೆ. 'ನೀವು ಇದನ್ನ ಹೇಗೆ ಮಾಡ್ತೀರಿ ತಾಯಿ?' ಎಂದು ಮಾರುವವಳು ಕೇಳಿದರೆ ಮಾತ್ರ, ಬಸ್ ಬಂತು ಎಂದು ಓಡುತ್ತೇನೆ.