ದೇವರಿಲ್ಲದ ನೀರು

ಜಲಪಾತದ ಮುಂದೆ ನಿಂತವರು ಏನು ಮಾಡಬೇಕು ಎಂಬುದು ನನಗೆ ಈಗಲೂ ಗೊತ್ತಿಲ್ಲ. ಮೊದಲ ಎರಡು ನಿಮಿಷ ಬೆರಗಾಗಬಹುದು. ಆಮೇಲೂ ನೀರು ಬೀಳುತ್ತಲೇ ಇರುತ್ತದೆ, ನಾವು ನಿಂತೇ ಇರುತ್ತೇವೆ, ಹೊರಡೋಣ ಎನ್ನಲು ಎಲ್ಲರಿಗೂ ಸಂಕೋಚ. ನಮ್ಮ ಹಳೆಯ ಕವಿಗಳು ಜಾಣರು. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯನ್ನು ಸೇರಿಸಿದರು, ಪುತ್ರೋದಯವನ್ನು ಸೇರಿಸಿದರು, ಜಲಪಾತದ ಗೊಡವೆಗೆ ಹೋಗಲಿಲ್ಲ.

ನಮ್ಮ ಮನೆಯ ಕಾವ್ಯದಲ್ಲಿ ಪುತ್ರೋದಯವೂ ಇರಲಿಲ್ಲ. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಪಾರ್ವತಿ ನನ್ನ ಹೆಂಡತಿಯಾಗಿ ನಮ್ಮ ಮನೆ ಸೇರಿದಳು. ಒಂಬತ್ತು ವರ್ಷವಾದರೂ ಮಕ್ಕಳಾಗಲಿಲ್ಲ. ಅವ್ವ ಪ್ರತಿ ಅಮಾವಾಸ್ಯೆಗೆ ಸೊಸೆಯನ್ನು ಒಂದೊಂದು ದೇವರ ಬಳಿಗೆ ಕಳಿಸುತ್ತಿದ್ದಳು. ಬೆಟ್ಟವಾಯಿತು, ಗದ್ದಿಗೆಯಾಯಿತು, ಅರಳಿಮರವಾಯಿತು. ಪಾರ್ವತಿ ಉಪವಾಸವಿದ್ದು, ಒದ್ದೆ ಸೀರೆಯಲ್ಲಿ ಸುತ್ತು ಹಾಕಿ ಬರುತ್ತಿದ್ದಳು. ನಾನು ಕಚೇರಿ ಗುಮಾಸ್ತ, ಜೊತೆಗೆ ವಿಚಾರವಾದಿ. ಇದನ್ನೆಲ್ಲ ನಂಬುತ್ತಿರಲಿಲ್ಲ. ನಂಬದೆಯೇ ಅವಳನ್ನು ಬಸ್ಸು ಹತ್ತಿಸಿ ಬರುತ್ತಿದ್ದೆ. ಅವ್ವನಿಗೆ ಎದುರಾಡುವುದು ನನ್ನ ವಿಚಾರವಾದದಲ್ಲಿ ಸೇರಿರಲಿಲ್ಲ.

ಒಮ್ಮೆ ಹುತ್ತಕ್ಕೆ ಹಾಲೆರೆದು ಬಂದವಳು ಮೂರು ದಿನ ಜ್ವರದಲ್ಲಿ ಮಲಗಿದಳು. ನನಗೂ ನಾಚಿಕೆಯಾಯಿತು. ಜ್ವರ ಬಿಟ್ಟ ಮೇಲೆ, ಈ ಸಲ ದೇವರಿಲ್ಲದ ಕಡೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ. ರಾಮಾಪುರದ ಆಚೆ ಕಾಡಂಚಿನಲ್ಲಿ ಹಳ್ಳವೊಂದು ಬಂಡೆಯಿಂದ ಧುಮುಕುತ್ತದೆಂದು ಕಚೇರಿಯಲ್ಲಿ ಕೇಳಿದ್ದೆ. ಭರಚುಕ್ಕಿಗಿರುವಂತೆ ಅದಕ್ಕೆ ಹೆಸರಿಲ್ಲ, ಗುಡಿಯಿಲ್ಲ, ಪೂಜಾರಿಯಿಲ್ಲ. ಗುಡಿಯಿಲ್ಲದಿದ್ದರೆ ದೇವರೂ ಇರುವುದಿಲ್ಲ ಎಂದುಕೊಂಡದ್ದು ಗುಮಾಸ್ತನ ಬುದ್ಧಿ.

ರಾಮಾಪುರದಲ್ಲಿ ಬಸ್ಸಿಳಿದು ದಾರಿ ಕೇಳಿದಾಗ, ದನ ಹೊಡೆದುಕೊಂಡು ಹೊರಟಿದ್ದ ಮಾದಪ್ಪನೆಂಬ ಮುದುಕ ಜೊತೆಯಾದ.

"ಅಷ್ಟು ದೂರ ಯಾಕ್ ಸಾ?"

"ನೀರು ಬೀಳೋದನ್ನ ನೋಡೋಕೆ."

"ಬರೀ ನೋಡಕ್ಕಾ?" ಎಂದವನು ಪಾರ್ವತಿಯ ಕೂಸಿಲ್ಲದ ಕಂಕುಳನ್ನು ನೋಡಿ ತಲೆಯಾಡಿಸಿದ. "ಗೊತ್ತಾಯ್ತು ಬುಡಿ. ಮದ್ವೆಯಾಗಿ ಎಷ್ಟು ವರ್ಸಾಯ್ತವ್ವಾ?"

ಒಂಬತ್ತು ಎಂದಳು ಪಾರ್ವತಿ. ಮಾದಪ್ಪ ದನಗಳನ್ನು ಹಳ್ಳದ ದಾರಿಗೆ ತಿರುಗಿಸಿದ.

ನೀರು ಎರಡಾಳೆತ್ತರದಿಂದ ಬೀಳುತ್ತಿತ್ತು. ನೋಡಲು ಚೆನ್ನಾಗಿಯೇ ಇತ್ತು. ಮಾದಪ್ಪ ದೂರದಲ್ಲೇ ಚಪ್ಪಲಿ ಬಿಡಿಸಿದ. ಗುಡಿಯೇ ಇಲ್ಲವಲ್ಲಪ್ಪ ಎಂದೆ.

"ಗುಡಿ ಯಾಕ್ ಸಾ? ನೀರೇ ಅವಳು, ಅಳ್ಳದಮ್ಮ."

ಪದ್ಧತಿಯನ್ನೂ ಅವನೇ ಹೇಳಿದ. ಒಂದು ಬಟ್ಟೆಯ ಎರಡು ತುದಿಗಳನ್ನು ಗಂಡ ಹೆಂಡತಿ ಹಿಡಿದು ನೀರಿನಡಿ ನಿಲ್ಲಬೇಕು. ಹೆಂಗಸು ತನ್ನ ಕೋರಿಕೆಯನ್ನು ಗಂಟಲು ಬಿಟ್ಟು ಕೂಗಬೇಕು. "ಮನ್ಸಲ್ಲಿ ಅಂದ್ಕಂಡ್ರೆ ಕೇಳಕ್ಕಿಲ್ಲ ಕಣವ್ವ, ಅವಳ್ ಸದ್ದೇ ಅವಳ್ಗೆ ಜಾಸ್ತಿ."

ನಾವು ಅದಕ್ಕೆ ಬಂದವರಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಪಾರ್ವತಿ ಸೆರಗು ಸಿಕ್ಕಿಸಿ, ನನ್ನ ಹೆಗಲ ಟವಲಿನ ತುದಿ ಹಿಡಿದು ನೀರಿಗಿಳಿದಿದ್ದಳು. ಇನ್ನೊಂದು ತುದಿ ಹಿಡಿದು ವಿಚಾರವಾದಿಯೂ ಇಳಿದ. ಅವಳು ಕತ್ತೆತ್ತಿ ಕೂಗಿದಳು. ಒಂಬತ್ತು ವರ್ಷದಲ್ಲಿ ಅವಳು ದನಿಯೆತ್ತಿದ್ದನ್ನು ನಾನು ಕಂಡಿರಲಿಲ್ಲ. ಕತ್ತಿನ ನರ ಉಬ್ಬಿದ್ದು ಕಾಣಿಸಿತು, ಮಾತು ಒಂದೂ ಕೇಳಿಸಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಹನೂರು ದಾಟಿದ ಮೇಲೆ ಕೇಳಿದೆ, "ಮಗು ತಾನೆ ಬೇಡಿದ್ದು?"

"ಅಲ್ಲ. ಇನ್ನೊಂದು ದೇವ್ರ ತಾವಕ್ಕೆ ನನ್ನ ಕಳಿಸ್ಬೇಡ ಅಂತ ಕೇಳ್ದೆ." ಸೆರಗಿನ ತುದಿ ಹಿಂಡುತ್ತಾ ಮೆಲ್ಲಗೆ ಸೇರಿಸಿದಳು, "ಅಷ್ಟು ಜೋರಾಗಿ ಕೂಗ್ದೆ. ಟವಲಿನ ಆ ತುದೀಲಿದ್ದೋರಿಗೂ ಕೇಳ್ಲಿಲ್ವಾ?"

ನನಗೆ ಅಳು ಬಂತು. ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಮನೆ ಬಾಗಿಲಲ್ಲೇ ಅವ್ವ ಕಾದಿದ್ದಳು. ಹೊಳೆಯಾಚೆ ಒಂದು ಗದ್ದಿಗೆ ಇದೆಯಂತೆ, ಬರೋ ಅಮಾವಾಸ್ಯೆಗೆ ಹೋಗಿ ಬರಲಿ ಎಂದಳು.

"ಅವಳು ಓಗಕ್ಕಿಲ್ಲ ಕಣವ್ವ," ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು.

"ಯಾಕ್ಲಾ?"

"ಅಳ್ಳದಮ್ಮನಿಗೆ ಅಂಗಂತ ಹರಕೆ ಮಾಡ್ಕಂಡಿದ್ದೀವಿ."

ಹರಕೆ ಎಂದ ಮೇಲೆ ಅದನ್ನು ಮುರಿಸುವವಳಲ್ಲ ಅವ್ವ. ಒಳಗೆ ಹೋಗಿ ಸೊಸೆಗೆ ಒಣಗಿದ ಸೀರೆ ತಂದುಕೊಟ್ಟಳು. ಇನ್ನೂ ಎರಡು ಅಮಾವಾಸ್ಯೆ ಕಳೆದರೂ ಯಾವ ದೇವರ ಹೆಸರೂ ಮನೆಯಲ್ಲಿ ಬರಲಿಲ್ಲ. ಆಗ ಪಾರ್ವತಿ ರಾಮಾಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮಾದಪ್ಪನಿಗೆ, ಹಳ್ಳದಮ್ಮನ ಮುಂದೆ ಒಡೆಯಲೆಂದು, ಒಂದು ತೆಂಗಿನಕಾಯಿ ಕಳಿಸಿದಳು. ಇದೇಕೆ ಎಂದು ನಾನು ಕೇಳಲಿಲ್ಲ. ಮೂಗನಿಗೆ ಮಾತು ಬಂದರೆ ಕಾಯಿ ಒಡೆಸುವುದು ನಮ್ಮ ಕಡೆ ನಡೆದುಬಂದ ಪದ್ಧತಿ.